ಮಾದರಿ ನಾವೇ ತೆಗೆದರೆ ಪರೀಕ್ಷೆ ಸರಿಯಾಗುತ್ತದೆಯೇ?

ಪ್ರಶ್ನೆ: ನನಗೆ 41 ವರ್ಷ, ಬೆಂಗಳೂರಿನ ಬನಶಂಕರಿಯಲ್ಲಿದ್ದೇವೆ. ಕೆಲವು ವರ್ಷಗಳ ಹಿಂದೆ ಪ್ಯಾಪ್ ಸ್ಮಿಯರ್ ಮಾಡಿಸಿದಾಗ ತುಂಬಾ ನೋವಾಯಿತು, ಆಮೇಲೆ ಆ ಕಡೆ ಹೋಗಲೇ ಇಲ್ಲ. ಈಗ ನಮ್ಮ ಅಪಾರ್ಟ್‌ಮೆಂಟಿನ ಮಹಿಳಾ ಬಳಗದವರು ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತಪಾಸಣೆಗೆಂದು ಒಂದು ಲ್ಯಾಬ್ ಮೂಲಕ ಎಚ್‌ಪಿವಿ ಕಿಟ್ ತರಿಸುತ್ತಿದ್ದಾರೆ. ಮಾದರಿಯನ್ನು ನಾವೇ ತೆಗೆದು ಕೊಡಬೇಕಂತೆ. ಡಾಕ್ಟರ್ ನೋಡದೆ ತೆಗೆದದ್ದು ಸರಿಯಾಗಿರುತ್ತದೆಯೇ? ಪಾಸಿಟಿವ್ ಬಂದರೆ ಮನೆಯಲ್ಲಿ ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆಯೂ ಇದೆ. ನನ್ನ ತಾಯಿಗೆ 66. ಮುಟ್ಟು ನಿಂತು ಬಹಳ ವರ್ಷವಾಗಿದ್ದರೂ ಎರಡು ತಿಂಗಳಿಂದ ಆಗಾಗ ರಕ್ತದ ಕಲೆ ಕಾಣುತ್ತಿದೆ ಎನ್ನುತ್ತಾರೆ. ಅವರಿಗೂ ಇದೇ ಕಿಟ್ ಸಾಕೇ? ಮನೆಕೆಲಸಕ್ಕೆ ಬರುವವರಿಗೆ 36, ಈವರೆಗೆ ಯಾವ ಪರೀಕ್ಷೆಯೂ ಆಗಿಲ್ಲ. ಅವರಿಗೂ ಒಂದು ಕೊಡಿಸೋಣವೆಂದಿದ್ದೇನೆ.

ಉತ್ತರ: ನಿಮ್ಮ ತಾಯಿಯವರ ವಿಷಯವನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಮುಟ್ಟು ನಿಂತ ಮೇಲೆ ಕಾಣುವ ರಕ್ತ, ಅದು ಬಟ್ಟೆಯ ಮೇಲಿನ ಒಂದು ಕಲೆಯಷ್ಟೇ ಆಗಿದ್ದರೂ, ಸ್ತ್ರೀರೋಗ ತಜ್ಞರು ಕಣ್ಣಾರೆ ನೋಡಿ ಕಾರಣ ಕಂಡುಹಿಡಿಯಬೇಕಾದ ಲಕ್ಷಣ. ಬಹುಪಾಲು ಸಂದರ್ಭಗಳಲ್ಲಿ ಹಾರ್ಮೋನ್ ಕಡಿಮೆಯಾಗಿ ಒಳಪದರ ತೆಳುವಾಗಿರುವುದೋ ಪಾಲಿಪ್ ಎಂಬ ಒಂದು ಸಣ್ಣ ಗಂಟೋ ಕಾರಣವಾಗಿರುತ್ತದೆ, ನಿಜ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಮತ್ತು ಗರ್ಭಕಂಠದ ಕ್ಯಾನ್ಸರ್ ಎರಡೂ ಹೀಗೆಯೇ ಶುರುವಾಗಬಹುದು, ಮತ್ತು ಮೊದಲನೆಯದರ ಬಗ್ಗೆ ಎಚ್‌ಪಿವಿ ಪರೀಕ್ಷೆ ಏನನ್ನೂ ಹೇಳಲಾರದು. ಅವರಿಗೆ ಬೇಕಾದದ್ದು ಒಳಪರೀಕ್ಷೆ, ಒಳಪದರದ ದಪ್ಪ ಅಳೆಯುವ ಸ್ಕ್ಯಾನ್ ಮತ್ತು ಅಗತ್ಯವೆನಿಸಿದರೆ ಬಯಾಪ್ಸಿ, ಅಂದರೆ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು. ಅವರಿಗೆ ಕಿಟ್ ಕೊಟ್ಟು, ಅದರ ವರದಿ ನೆಗೆಟಿವ್ ಎಂದು ಬಂದು, ಎಲ್ಲರೂ ನಿಟ್ಟುಸಿರು ಬಿಟ್ಟು ಇನ್ನು ಆರು ತಿಂಗಳು ಕಳೆದುಹೋಗುವುದೇ ಇಲ್ಲಿರುವ ಅಪಾಯ. ಆದ್ದರಿಂದ ಅವರನ್ನು ಈ ವಾರವೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಸ್ವತಃ ತೆಗೆದುಕೊಳ್ಳುವ ಮಾದರಿ ಯಾವ ತೊಂದರೆಯೂ ಇಲ್ಲದ ಮಹಿಳೆಯರಿಗಾಗಿ ಇರುವ ತಪಾಸಣೆ, ರೋಗಲಕ್ಷಣ ಕಂಡವರ ರೋಗನಿರ್ಣಯಕ್ಕೆ ಅದು ಸಲ್ಲದು. ಸಂಭೋಗದ ನಂತರ ರಕ್ತ ಕಾಣುವುದು, ಎರಡು ಮುಟ್ಟಿನ ನಡುವೆ ರಕ್ತ ಹೋಗುವುದು, ದುರ್ವಾಸನೆಯ ಅಥವಾ ರಕ್ತ ಬೆರೆತ ಬಿಳುಪು ಹೋಗುವುದು, ಕಿಬ್ಬೊಟ್ಟೆಯಲ್ಲಿ ಬಿಡದ ನೋವು ಇವುಗಳಲ್ಲಿ ಯಾವುದಿದ್ದರೂ, ಯಾವ ವಯಸ್ಸಿನವರಾದರೂ, ಕಿಟ್ ಬದಿಗಿಟ್ಟು ವೈದ್ಯರನ್ನು ಕಾಣಬೇಕು. ನಿಮ್ಮ ಬಳಗದವರು ಕಿಟ್ ಹಂಚುವಾಗ ಬೇರೇನನ್ನು ಹೇಳದಿದ್ದರೂ ಇದೊಂದನ್ನು ಪ್ರತಿಯೊಬ್ಬರಿಗೂ ಕೇಳಿಯೇ ಕೊಡಲಿ.

ಇನ್ನು ನಿಮ್ಮ ವಿಷಯ. ಡಾಕ್ಟರ್ ನೋಡದೆ ತೆಗೆದ ಮಾದರಿ ಸರಿಯಾಗಿರಬಹುದೇ ಎಂಬ ಅನುಮಾನ ಸಹಜವಾದದ್ದು. ಪ್ಯಾಪ್ ಸ್ಮಿಯರ್ ಮಟ್ಟಿಗೆ ಆ ಅನುಮಾನ ಪೂರ್ತಿ ನ್ಯಾಯವಾದದ್ದೂ ಹೌದು. ಪ್ಯಾಪ್ ಪರೀಕ್ಷೆಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶಗಳ ಆಕಾರವನ್ನೇ ನೋಡಬೇಕು, ಆ ಕೋಶಗಳು ಗರ್ಭಕಂಠದ ಒಂದು ನಿರ್ದಿಷ್ಟ ಭಾಗದಿಂದಲೇ ಬಂದಿರಬೇಕು, ಮತ್ತು ಆ ಭಾಗವನ್ನು ಕಾಣದೆ ಅಲ್ಲಿಂದ ಕೋಶ ತೆಗೆಯುವುದು ಆಗದ ಮಾತು. ಎಚ್‌ಪಿವಿ ಪರೀಕ್ಷೆ ಹುಡುಕುವುದು ಕೋಶದ ಆಕಾರವನ್ನಲ್ಲ, ವೈರಸ್ಸಿನ ಡಿಎನ್‌ಎಯನ್ನು. ಗರ್ಭಕಂಠದ ಕ್ಯಾನ್ಸರ್ ಹೆಚ್ಚುಕಡಿಮೆ ಎಲ್ಲ ಸಂದರ್ಭಗಳಲ್ಲೂ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ (ಎಚ್‌ಪಿವಿ) ಕೆಲವು ಬಗೆಗಳು ದೇಹದಲ್ಲಿ ವರ್ಷಗಟ್ಟಲೆ ಉಳಿದುಕೊಳ್ಳುವುದರಿಂದ ಬರುತ್ತದೆ. ಈ ಸಂಬಂಧವನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂದಿತು. ಹತ್ತಾರು ಬಗೆಗಳ ಪೈಕಿ 16 ಮತ್ತು 18 ಎಂಬ ಎರಡೇ ಬಗೆಗಳು ಸುಮಾರು 70 ಶೇಕಡಾ ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ. ಸೋಂಕಿತ ಗರ್ಭಕಂಠದಿಂದ ಉದುರುವ ಕೋಶಗಳು ಯೋನಿಯೊಳಗೆ ಇಳಿದು ಬಂದಿರುತ್ತವೆ, ಯೋನಿಯ ಗೋಡೆಯಲ್ಲೂ ವೈರಸ್ ಇರುತ್ತದೆ. ಆದ್ದರಿಂದ ಸ್ವಾಬ್, ಅಂದರೆ ಮಾದರಿ ತೆಗೆಯುವ ಹತ್ತಿಕಡ್ಡಿಯಂಥ ಕಡ್ಡಿ, ಗರ್ಭಕಂಠವನ್ನು ಮುಟ್ಟದಿದ್ದರೂ ವೈರಸ್ಸಿನ ಡಿಎನ್‌ಎ ಅದಕ್ಕೆ ಅಂಟಿಕೊಳ್ಳುತ್ತದೆ.

ಇದು ತರ್ಕ ಮಾತ್ರವಲ್ಲ, ಅಳೆದು ನೋಡಿದ ಸಂಗತಿ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು, ಪಿಸಿಆರ್ (ಡಿಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸಿ ಹುಡುಕುವ) ವಿಧಾನದ ಪರೀಕ್ಷೆಯಾದರೆ ಮಹಿಳೆಯೇ ತೆಗೆದ ಮಾದರಿಯೂ ವೈದ್ಯರು ತೆಗೆದ ಮಾದರಿಯೂ ಕ್ಯಾನ್ಸರ್‌ಪೂರ್ವ ಬದಲಾವಣೆಗಳನ್ನು ಪತ್ತೆ ಮಾಡುವುದರಲ್ಲಿ ಸಮಾನವೆಂದು ತೋರಿಸಿತು. ಹಳೆಯ ಬೇರೊಂದು ವಿಧಾನದ ಪರೀಕ್ಷೆಗಳಲ್ಲಿ ಸ್ವತಃ ತೆಗೆದ ಮಾದರಿ ಹಿಂದೆ ಬಿತ್ತು, ಈ ವ್ಯತ್ಯಾಸಕ್ಕೆ ಮತ್ತೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಎರಡೂ ಬಗೆಯ ಮಾದರಿಗಳನ್ನು ಒಪ್ಪುತ್ತದೆ. ನೆದರ್‌ಲ್ಯಾಂಡ್ಸ್ 2017ರಿಂದ, ಆಸ್ಟ್ರೇಲಿಯಾ 2022ರ ಜುಲೈಯಿಂದ ತಪಾಸಣೆಗೆ ಅರ್ಹರಾದ ಎಲ್ಲರಿಗೂ ಈ ಆಯ್ಕೆ ಕೊಟ್ಟಿವೆ. ಅಮೆರಿಕದಲ್ಲಿ 2024ರಲ್ಲಿ ಆಸ್ಪತ್ರೆಯೊಳಗೆ ತೆಗೆಯುವುದಕ್ಕೂ 2025ರಲ್ಲಿ ಮನೆಯಲ್ಲೇ ತೆಗೆಯುವುದಕ್ಕೂ ಒಪ್ಪಿಗೆ ಸಿಕ್ಕಿತು.

ಪ್ಯಾಪ್ ಸ್ಮಿಯರ್ ಬಿಟ್ಟು ಈ ಪರೀಕ್ಷೆಗೆ ಹೋದರೆ ಮೆಟ್ಟಿಲು ಕೆಳಗಿಳಿದಂತೆ ಎಂದು ಭಾವಿಸುವವರು ನಮ್ಮ ವೃತ್ತಿಯಲ್ಲೂ ಇದ್ದಾರೆ. ಕೆನಡಾದಲ್ಲಿ ಸುಮಾರು 10 ಸಾವಿರ ಮಹಿಳೆಯರಲ್ಲಿ ಎರಡೂ ಪರೀಕ್ಷೆಗಳನ್ನು ಒಟ್ಟಿಗೆ ಮಾಡಿ 2007ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಒಂದು ಬಾರಿಯ ಪ್ಯಾಪ್ ಗಂಭೀರವಾದ ಕ್ಯಾನ್ಸರ್‌ಪೂರ್ವ ಬದಲಾವಣೆಗಳಲ್ಲಿ ಸುಮಾರು 55 ಶೇಕಡಾವನ್ನು ಹಿಡಿದರೆ ಎಚ್‌ಪಿವಿ ಪರೀಕ್ಷೆ ಸುಮಾರು 95 ಶೇಕಡಾವನ್ನು ಹಿಡಿಯಿತು. ನಮಗೆ ಇನ್ನೂ ಹತ್ತಿರದ ಸಾಕ್ಷ್ಯ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯದು, ಈಗಿನ ಧಾರಾಶಿವ. ಅಲ್ಲಿ 30ರಿಂದ 59 ವರ್ಷದ 1,31,746 ಗ್ರಾಮೀಣ ಮಹಿಳೆಯರನ್ನು ನಾಲ್ಕು ಗುಂಪು ಮಾಡಿ ಎಂಟು ವರ್ಷ ಗಮನಿಸಿದಾಗ, ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಯ ಅವಕಾಶ ದೊರೆತ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಾದರಿ ತೆಗೆದವರು ಆರೋಗ್ಯ ಸಿಬ್ಬಂದಿ, ಮಹಿಳೆಯರೇ ಅಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆದರೂ ಒಂದು ಒಳ್ಳೆಯ ಪರೀಕ್ಷೆ ಒಮ್ಮೆಯಾದರೂ ಆಗುವುದು ಎಷ್ಟು ದೊಡ್ಡ ವಿಷಯವೆಂಬುದು ಅದರಿಂದ ತಿಳಿಯುತ್ತದೆ.

ಪರೀಕ್ಷೆಯ ವಿಧಾನ ಒಳ್ಳೆಯದಾದ ಮಾತ್ರಕ್ಕೆ ನಿಮ್ಮ ಕೈಗೆ ಬಂದ ಕಿಟ್ ಒಳ್ಳೆಯದೆಂದು ಅರ್ಥವಲ್ಲ. ಹಣ ಕಟ್ಟುವ ಮೊದಲು ಲ್ಯಾಬ್‌ನವರನ್ನು ಇದು ಪಿಸಿಆರ್ ವಿಧಾನದ ಡಿಎನ್‌ಎ ಪರೀಕ್ಷೆಯೇ, ಮತ್ತು ಮಹಿಳೆಯೇ ತೆಗೆದ ಯೋನಿ ಮಾದರಿಗೆ ಇದನ್ನು ಪರೀಕ್ಷಿಸಿ ಒಪ್ಪಲಾಗಿದೆಯೇ ಎಂದು ನೇರವಾಗಿ ಕೇಳಿ. ಡಿಎನ್‌ಎ ಬದಲು ವೈರಸ್ಸಿನ ಎಂಆರ್‌ಎನ್‌ಎ ಎಂಬ ಅಣುವನ್ನು ಹುಡುಕುವ ಪರೀಕ್ಷೆಗಳೂ ಮಾರುಕಟ್ಟೆಯಲ್ಲಿವೆ, ಅವು ಒಳ್ಳೆಯವೇ, ಆದರೆ 2021ರ ಮಾರ್ಗಸೂಚಿ ಅವುಗಳನ್ನು ಆರೋಗ್ಯ ಸಿಬ್ಬಂದಿ ತೆಗೆದ ಮಾದರಿಗೆ ಮಾತ್ರ ಸೀಮಿತಗೊಳಿಸಿದೆ. ವರದಿಯಲ್ಲಿ 16 ಮತ್ತು 18ನ್ನು ಪ್ರತ್ಯೇಕವಾಗಿ ನಮೂದಿಸುತ್ತಾರೆಯೇ ಎಂಬುದನ್ನೂ ಕೇಳಿಕೊಳ್ಳಿ, ಮುಂದಿನ ಹೆಜ್ಜೆ ಅದರ ಮೇಲೆ ನಿಂತಿದೆ. ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಕೇಳುವುದು ಮಾದರಿಯಲ್ಲಿ ಮಾನವ ಕೋಶಗಳು ಸಾಕಷ್ಟಿವೆಯೇ ಎಂದು ತಾಳೆ ನೋಡುವ ಆಂತರಿಕ ನಿಯಂತ್ರಣ ಆ ಪರೀಕ್ಷೆಯಲ್ಲಿ ಇದೆಯೇ ಎಂಬುದನ್ನು. ಅದಿಲ್ಲದಿದ್ದರೆ ಏನೂ ಅಂಟದ ಖಾಲಿ ಸ್ವಾಬ್ ಕೂಡ ನೆಗೆಟಿವ್ ಎಂದೇ ವರದಿಯಾಗುತ್ತದೆ. ಅದಿದ್ದರೆ ಮಾದರಿ ಸಾಲದು, ಮತ್ತೊಮ್ಮೆ ಕೊಡಿ ಎಂಬ ಉತ್ತರ ಬರುತ್ತದೆ, ಅದು ಕಿರಿಕಿರಿಯೆನಿಸಿದರೂ ಪ್ರಾಮಾಣಿಕವಾದ ಉತ್ತರ. ಇಪ್ಪತ್ತು ಮೂವತ್ತು ಬಗೆಗಳನ್ನು ನೋಡುತ್ತೇವೆಂದು ಜಾಹೀರಾತು ಮಾಡುವ ದುಬಾರಿ ಪ್ಯಾಕೇಜುಗಳಿಗೆ ಮರುಳಾಗಬೇಡಿ. ಕ್ಯಾನ್ಸರ್ ತಪಾಸಣೆಗೆ ಬೇಕಾದದ್ದು ಹೆಚ್ಚು ಅಪಾಯದ 14ರಷ್ಟು ಬಗೆಗಳು ಮಾತ್ರ. 6 ಮತ್ತು 11ರಂಥವು ನರುಲಿಗೆ ಕಾರಣವಾಗುತ್ತವೆಯೇ ಹೊರತು ಕ್ಯಾನ್ಸರ್‌ಗಲ್ಲ, ಅವುಗಳನ್ನು ವರದಿಯಲ್ಲಿ ಸೇರಿಸಿದರೆ ನಿದ್ದೆ ಕೆಡುವುದಷ್ಟೇ ಲಾಭ.

ಮಾದರಿ ತೆಗೆಯುವುದು ನೀವು ಅಂದುಕೊಂಡದ್ದಕ್ಕಿಂತ ಸುಲಭ. ಮುಟ್ಟಿನ ದಿನಗಳನ್ನು ಬಿಟ್ಟು, ಯೋನಿಯೊಳಗೆ ಕ್ರೀಮು ಅಥವಾ ಮಾತ್ರೆ ಬಳಸದ ದಿನ ನೋಡಿಕೊಳ್ಳಿ, ಒಳಗೆ ಸೋಪು ಹಾಕಿ ತೊಳೆಯುವ ಅಗತ್ಯವೂ ಇಲ್ಲ, ಅದು ಒಳ್ಳೆಯದೂ ಅಲ್ಲ. ಕೈ ತೊಳೆದು, ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು ನಿಂತೋ ಕುಕ್ಕರಗಾಲಿನಲ್ಲೋ ಮಲಗಿಯೋ, ನಿಮಗೆ ಸಲೀಸಾದ ಭಂಗಿಯಲ್ಲಿ ಸ್ವಾಬನ್ನು ಸುಮಾರು ಎರಡು ಇಂಚು ಒಳಗೆ ಬಿಟ್ಟು, ಕಿಟ್‌ನ ಹಾಳೆಯಲ್ಲಿ ಹೇಳಿದಷ್ಟು ಸಲ ಸುತ್ತ ತಿರುಗಿಸಿ ಹೊರತೆಗೆಯಬೇಕು. ಹೆಚ್ಚಿನ ಸ್ವಾಬ್‌ಗಳಲ್ಲಿ ಎಲ್ಲಿಯವರೆಗೆ ಎಂಬ ಗುರುತು ಇರುತ್ತದೆ. ಮಾಡುವ ಮೊದಲು ಹಾಳೆಯನ್ನು ಪೂರ್ತಿ ಓದಿ, ಏಕೆಂದರೆ ಒಂದೊಂದು ಕಿಟ್‌ಗೆ ಒಂದೊಂದು ಕ್ರಮವಿರುತ್ತದೆ, ಕೆಲವದರಲ್ಲಿ ಸ್ವಾಬನ್ನು ದ್ರಾವಣದಲ್ಲಿ ಅಲುಗಿಸಬೇಕು, ಕೆಲವದರಲ್ಲಿ ಒಣಗಿಯೇ ಕೊಳವೆಗೆ ಹಾಕಬೇಕು. ಹೆಸರು ಮತ್ತು ದಿನಾಂಕ ಬರೆದು ಹೇಳಿದ ಅವಧಿಯೊಳಗೆ ತಲುಪಿಸಿ. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಎರಡು ದಿನ ಮರೆಯುವುದು ಬೇಡ. ಗರ್ಭಿಣಿಯರು, ಗರ್ಭಕಂಠದ ಕಾಯಿಲೆಗೆ ಈಗಾಗಲೇ ಚಿಕಿತ್ಸೆ ಪಡೆದವರು ತಮ್ಮ ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಬೇರೆ ಕಾರಣಕ್ಕೆ ಗರ್ಭಕೋಶವನ್ನು ಗರ್ಭಕಂಠ ಸಮೇತ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ. ಗರ್ಭಕಂಠ ಉಳಿದಿದೆಯೋ ಇಲ್ಲವೋ ಎಂಬುದು ಶಸ್ತ್ರಚಿಕಿತ್ಸೆಯ ಕಾಗದದಲ್ಲಿ ಇರುತ್ತದೆ, ಅನೇಕರಿಗೆ ಅದು ಗೊತ್ತಿರುವುದಿಲ್ಲವಾದ್ದರಿಂದ ಹುಡುಕಿ ನೋಡುವುದು ಲೇಸು.

ವರದಿ ನೆಗೆಟಿವ್ ಬಂದರೆ ಮುಂದಿನ ಕೆಲವು ವರ್ಷ ನಿಮಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಬಹಳ ಕಡಿಮೆ. ಸೋಂಕು ತಗುಲಿದಂದಿನಿಂದ ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 30 ವರ್ಷದಿಂದ ಆರಂಭಿಸಿ 5ರಿಂದ 10 ವರ್ಷಕ್ಕೊಮ್ಮೆ ಎನ್ನುತ್ತದೆ. ಸ್ವತಃ ತೆಗೆದ ಮಾದರಿಯಾದರೆ 3 ವರ್ಷಕ್ಕೇ ಮರುಪರೀಕ್ಷೆ ಎಂಬ ಹೆಚ್ಚಿನ ಎಚ್ಚರಿಕೆ ಅಮೆರಿಕದ ತಜ್ಞರದು. ನಿಮಗೆ ನಾನು 5 ವರ್ಷವೆನ್ನುತ್ತೇನೆ, ಅದನ್ನು ಮೀರಿಸಬೇಡಿ. ಎಚ್‌ಐವಿ ಇರುವವರಿಗೆ ಅಪಾಯ ಸುಮಾರು ಆರು ಪಟ್ಟು, ಅವರಿಗೆ ತಪಾಸಣೆ 25ಕ್ಕೇ ಆರಂಭವಾಗಬೇಕು ಮತ್ತು 3ರಿಂದ 5 ವರ್ಷಕ್ಕೊಮ್ಮೆ ಆಗಬೇಕು. ಈ ನೆಗೆಟಿವ್ ಅಂಡಾಶಯಕ್ಕೂ ಗರ್ಭಕೋಶದ ಒಳಪದರಕ್ಕೂ ಅನ್ವಯಿಸದು.

ಪಾಸಿಟಿವ್ ಬಂದರೆ ಕ್ಯಾನ್ಸರ್ ಇದೆ ಎಂದಲ್ಲ. ಉಸ್ಮಾನಾಬಾದ್‌ನಲ್ಲಿ ಪರೀಕ್ಷೆಗೊಳಗಾದ ನೂರು ಮಂದಿಯಲ್ಲಿ ಸುಮಾರು ಹತ್ತು ಮಂದಿಗೆ ಪಾಸಿಟಿವ್ ಬಂದಿತ್ತು, ಅಂಥವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್‌ಪೂರ್ವ ಬದಲಾವಣೆಯೂ ಇರುವುದಿಲ್ಲ. ವೈರಸ್ ಇರುವವರಲ್ಲಿ ಯಾರ ಗರ್ಭಕಂಠದಲ್ಲಿ ಬದಲಾವಣೆ ಶುರುವಾಗಿದೆ ಎಂದು ನೋಡುವುದೇ ಮುಂದಿನ ಕೆಲಸ, ಮತ್ತು ಅದಕ್ಕೆ ನೀವು ಆಸ್ಪತ್ರೆಗೆ ಹೋಗಲೇಬೇಕು. ಇದನ್ನು ಮೊದಲೇ ತಿಳಿದು, ಪಾಸಿಟಿವ್ ಬಂದರೆ ಯಾವ ವೈದ್ಯರಲ್ಲಿಗೆ ಹೋಗುವುದೆಂದು ನಿರ್ಧರಿಸಿಕೊಂಡೇ ಸ್ವಾಬ್ ಕೈಗೆತ್ತಿಕೊಳ್ಳಿ. ಕಿಟ್‌ನ ಜೊತೆ ಅದರ ಮುಂದಿನ ದಾರಿಯನ್ನು ಹೇಳದ ಲ್ಯಾಬ್ ಅರ್ಧ ಕೆಲಸ ಮಾಡಿದ ಹಾಗೆ. 16 ಅಥವಾ 18 ಕಂಡರೆ ನೇರವಾಗಿ ಕಾಲ್ಪೋಸ್ಕೋಪಿ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿಸಿ ನೋಡುವ ಪರೀಕ್ಷೆ, ಅನುಮಾನ ಬಂದ ಕಡೆಯಿಂದ ಸಣ್ಣ ಬಯಾಪ್ಸಿ. ಉಳಿದ ಬಗೆಗಳಾದರೆ ವೈದ್ಯರು ಗರ್ಭಕಂಠದಿಂದಲೇ ಪ್ಯಾಪ್ ತೆಗೆಯಬಹುದು ಅಥವಾ ಅಸಿಟಿಕ್ ಆಮ್ಲ ಹಚ್ಚಿ ಯಾವ ಭಾಗವಾದರೂ ಬಿಳಿಚುತ್ತದೆಯೇ ಎಂದು ನೋಡಬಹುದು. ಅದರಲ್ಲಿ ಏನೂ ಕಾಣದಿದ್ದರೆ ಒಂದರಿಂದ ಎರಡು ವರ್ಷದೊಳಗೆ ಮತ್ತೆ ಎಚ್‌ಪಿವಿ ಪರೀಕ್ಷೆ. ಕ್ಯಾನ್ಸರ್‌ಪೂರ್ವ ಬದಲಾವಣೆ ಕಂಡರೂ ಹೆಚ್ಚಿನವರಿಗೆ ಆ ಭಾಗವನ್ನಷ್ಟೇ ಶಾಖದಿಂದ ಸುಡುವ ಅಥವಾ ವಿದ್ಯುತ್ ತಂತಿಯ ಕುಣಿಕೆಯಿಂದ ತೆಗೆಯುವ ಸಣ್ಣ ಚಿಕಿತ್ಸೆ ಸಾಕು, ಅದೇ ದಿನ ಮನೆಗೆ ಹೋಗಬಹುದು.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಎಚ್‌ಪಿವಿಯನ್ನು ದೇಹದಿಂದ ಓಡಿಸುವ ಔಷಧಿ ಇಂದಿಗೂ ಇಲ್ಲ, ಆದ್ದರಿಂದ ವೈರಸ್ ಹೋಗಲೆಂದು ಬರೆದುಕೊಡುವ ಮಾತ್ರೆಗಳಿಗೂ ಯೋನಿಯೊಳಗಿಡುವ ಗುಳಿಗೆಗಳಿಗೂ ದುಡ್ಡು ಸುರಿಯಬೇಡಿ. ಎಚ್‌ಪಿವಿ ಪಾಸಿಟಿವ್ ಎಂಬ ಒಂದೇ ಕಾರಣಕ್ಕೆ ಗರ್ಭಕೋಶ ತೆಗೆಸಿಬಿಡೋಣ ಎಂದು ಯಾರಾದರೂ ಸೂಚಿಸಿದರೆ, ಕಾಲ್ಪೋಸ್ಕೋಪಿ ಮತ್ತು ಬಯಾಪ್ಸಿ ಆಗದೆ ಒಪ್ಪಬೇಡಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ.

ಮನೆಯಲ್ಲಿ ಏನೆಂದುಕೊಳ್ಳುತ್ತಾರೋ ಎಂದು ಬರೆದಿದ್ದೀರಿ. ಇದು ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ಸೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಲೈಂಗಿಕ ಜೀವನ ನಡೆಸಿದ ಹೆಣ್ಣು ಗಂಡುಗಳಲ್ಲಿ ಬಹುತೇಕರಿಗೆ ಬಾಳಿನಲ್ಲಿ ಒಮ್ಮೆಯಾದರೂ ಇದು ತಗುಲಿರುತ್ತದೆ, ಒಬ್ಬರೇ ಸಂಗಾತಿಯಿದ್ದವರಿಗೂ ತಗುಲಬಹುದು, ಮತ್ತು ಹತ್ತರಲ್ಲಿ ಒಂಬತ್ತು ಸೋಂಕುಗಳು ಎರಡು ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. ಉಳಿದವು ಪತ್ತೆಯಾಗದಷ್ಟು ಅಡಗಿ ಎಷ್ಟೋ ವರ್ಷದ ಮೇಲೆ ಮತ್ತೆ ಕಾಣಿಸಿಕೊಳ್ಳಬಹುದು. ಹಾಗಾಗಿ 41ರ ವಯಸ್ಸಿನಲ್ಲಿ ಬಂದ ಪಾಸಿಟಿವ್ ವರದಿ ಸೋಂಕು ಯಾವಾಗ, ಯಾರಿಂದ ಬಂತೆಂದು ಹೇಳಲಾರದು, ನಿಮ್ಮ ಬಗ್ಗೆಯಾಗಲಿ ನಿಮ್ಮ ಪತಿಯ ಬಗ್ಗೆಯಾಗಲಿ ಅದು ಯಾವ ಸಾಕ್ಷಿಯನ್ನೂ ನುಡಿಯುವುದಿಲ್ಲ. ಮನೆಯವರಿಗೆ ಹೇಳುವುದು ಕಷ್ಟವೆನಿಸಿದರೆ ಕಾಲ್ಪೋಸ್ಕೋಪಿಯ ದಿನ ಅವರನ್ನೂ ಕರೆತನ್ನಿ, ವಿವರಿಸುವ ಕೆಲಸವನ್ನು ವೈದ್ಯರಿಗೆ ಬಿಡಿ.

ನಿಮಗೆ ಆದ ನೋವಿನ ಬಗ್ಗೆಯೂ ಒಂದು ಮಾತು. ಅದು ನಿಮ್ಮ ಸೂಕ್ಷ್ಮತೆಯಲ್ಲ. ಚಿಕ್ಕ ಗಾತ್ರದ ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಹಿಡಿಯುವ ಉಪಕರಣ), ಸಾಕಷ್ಟು ಜಾರುವ ದ್ರವ, ಹೇಳಿ ಮಾಡುವ ತಾಳ್ಮೆ ಇದ್ದರೆ ಹೆಚ್ಚಿನವರಿಗೆ ಒಳಪರೀಕ್ಷೆ ಅಷ್ಟು ನೋಯುವುದಿಲ್ಲ, ಮತ್ತು ನೋಯುತ್ತಿದೆ ನಿಲ್ಲಿಸಿ ಎನ್ನುವ ಹಕ್ಕು ಮಲಗಿರುವವರಿಗೆ ಯಾವಾಗಲೂ ಇದೆ. ನೀವು ಹೇಗೂ ವೈದ್ಯರಲ್ಲಿಗೆ ಹೋಗುವವರಾಗಿದ್ದರೆ ಅಲ್ಲಿಯೇ ಮಾದರಿ ಕೊಡುವುದು ಮೇಲು ಎಂದು ನನ್ನ ಅಭಿಪ್ರಾಯ, ದ್ರಾವಣದಲ್ಲಿ ಸಂಗ್ರಹಿಸಿದರೆ ಅದೇ ಮಾದರಿಯಲ್ಲಿ ಎಚ್‌ಪಿವಿಯನ್ನೂ, ಅದು ಪಾಸಿಟಿವ್ ಬಂದರೆ ಕೋಶಗಳನ್ನೂ ನೋಡಬಹುದು. ಆದರೆ ಹೋಗಬೇಕು ಹೋಗಬೇಕು ಎಂದು ವರ್ಷಗಳನ್ನು ತಳ್ಳಿದವರಿಗೆ ಕಿಟ್ ಯಾವ ಅರ್ಥದಲ್ಲೂ ಎರಡನೆಯ ದರ್ಜೆಯದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಆದವರು ನೂರಕ್ಕೆ ಇಬ್ಬರೂ ಇಲ್ಲ, 1.9 ಶೇಕಡಾ. ವರ್ಷಕ್ಕೆ ಸುಮಾರು 1.27 ಲಕ್ಷ ಮಹಿಳೆಯರಿಗೆ ಹೊಸದಾಗಿ ಈ ಕ್ಯಾನ್ಸರ್ ಬಂದು ಸುಮಾರು 80 ಸಾವಿರ ಮಂದಿ ಸಾಯುತ್ತಿರುವ ದೇಶದಲ್ಲಿ, ಯಾವ ಮಾದರಿ ಶ್ರೇಷ್ಠವೆಂಬ ಚರ್ಚೆಗಿಂತ ಯಾವುದಾದರೂ ಒಂದು ಮಾದರಿ ಲ್ಯಾಬ್ ತಲುಪುವುದು ದೊಡ್ಡದು.

ನಿಮ್ಮ ಮನೆಕೆಲಸಕ್ಕೆ ಬರುವವರ ಬಗ್ಗೆ ಯೋಚಿಸಿದ್ದು ಸರಿಯಾಗಿದೆ. ಈವರೆಗೆ ಒಮ್ಮೆಯೂ ತಪಾಸಣೆ ಆಗದ 36ರ ವಯಸ್ಸಿನವರಿಗೆ ಇದರ ಪ್ರಯೋಜನ ಎಲ್ಲರಿಗಿಂತ ಹೆಚ್ಚು. ಕಿಟ್ ದುಬಾರಿಯೆನಿಸಿದರೆ ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಅಸಿಟಿಕ್ ಆಮ್ಲದ ಪರೀಕ್ಷೆಗೆ ಅವಕಾಶವಿದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆ ಬಡಾವಣೆಯ ಆಶಾ ಕಾರ್ಯಕರ್ತೆಯರಲ್ಲಿ ಯಾವ ದಿನ ಮಾಡುತ್ತಾರೆಂದು ಕೇಳಬಹುದು. ಪಾಸಿಟಿವ್ ಬಂದಲ್ಲಿ ಮುಂದಿನ ಪರೀಕ್ಷೆಗೆ ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗಳಿವೆ, ಆ ದಿನದ ಕೂಲಿಯೂ ಓಡಾಟದ ಖರ್ಚೂ ಅವರಿಗೆ ಹೊರೆಯಾಗದಂತೆ ನೀವು ನೋಡಿಕೊಂಡರೆ ಕಿಟ್‌ಗಿಂತ ದೊಡ್ಡ ಸಹಾಯವಾಗುತ್ತದೆ. ಕಿಟ್ ಕೊಡುವಾಗ ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿದೆ ಎಂಬುದನ್ನು ಬಾಯಿಬಿಟ್ಟು ಹೇಳಿ, ಕೆಲಸ ಕೊಟ್ಟವರ ಮಾತು ಮೀರಲಾರದೆ ಒಪ್ಪಿಕೊಳ್ಳುವಂತಾಗಬಾರದು. ಫಾರ್ಮಿನಲ್ಲಿ ನಿಮ್ಮ ಫೋನ್ ನಂಬರ್ ಬರೆಯದೆ ಅವರದ್ದನ್ನೇ ಬರೆಸಿ, ವರದಿ ನೇರವಾಗಿ ಅವರ ಕೈಗೆ ಹೋಗಲಿ. ಓದಿ ಹೇಳಿ ಎಂದು ಅವರಾಗಿ ತಂದು ತೋರಿಸಿದರೆ ಮಾತ್ರ ನೀವು ನೋಡಿ.